ಸೊಣ್ಣಮ್ಮನ ಕಾರ್ಡಿನಲ್ಲಿ ಸಾಲು ಹಂಸ

ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆ. ಆ ಮನೆಯಲ್ಲಿ ಸೊಣ್ಣಮ್ಮನದು, ಅವಳ ಓರಗಿತ್ತಿ ಮಾರಕ್ಕನದು, ಮಗ ಮನೋಹರನದು ಅಂತ ಮೂರು ಎಟಿಎಂ ಕಾರ್ಡು ಒಂದೇ ಡಬ್ಬದಲ್ಲಿದ್ದವು. ಮೂರೂ ಒಂದೇ ಬ್ಯಾಂಕಿನವು, ಮೂರೂ ನೀಲಿ. ಓದು ಬಂದವರಿಗೆ ಹೆಸರು ಕಾಣುತ್ತಿತ್ತು. ಸೊಣ್ಣಮ್ಮನಿಗೆ ಮೂರೂ ಒಂದೇ ಕೋಳಿಯ ಮೊಟ್ಟೆ.

ಒಂದು ಸೋಮವಾರ ಅವಳು ಕಾರ್ಡು ತಗೊಂಡು ಎಟಿಎಂಗೆ ಹೋದಳು. ತನ್ನ ಗುಟ್ಟಿನ ನಂಬರ್ ಒತ್ತಿದಳು. ಮಿಷನ್ ಒಪ್ಪಲಿಲ್ಲ. ಮತ್ತೆ ಒತ್ತಿದಳು, ಮಗದೊಮ್ಮೆ ಒತ್ತಿದಳು. ಕಾರ್ಡು ಆವತ್ತಿಗೆ ಬಂದ್ ಆಗಿಹೋಯಿತು. ನೋಡಿದರೆ ಅದು ಮಾರಕ್ಕನ ಕಾರ್ಡು! ಮಧ್ಯಾಹ್ನ ಕಣ್ಣಿನ ಆಸ್ಪತ್ರೆಗೆ ಹೊರಟಿದ್ದ ಮಾರಕ್ಕ ಬಸ್ ಸ್ಟ್ಯಾಂಡಿನ ಎಟಿಎಂನಲ್ಲಿ ದುಡ್ಡು ಬಾರದೆ ವಾಪಸ್ ಬಂದಳು.

"ಏನಕ್ಕಾ, ನನ್ ಕಾರ್ಡಿಗೆ ಬೀಗ ಜಡಿದ್ಬಿಟ್ಯಲ್ಲ!"

ಮನೋಹರ ಹೇಳಿದ: "ಅಮ್ಮಾ, ಇನ್ಮೇಲೆ ನಿನ್ ಕಾರ್ಡು ನನ್ ಜೇಬಲ್ಲೇ ಇರ್ಲಿ. ಬೇಕಾದಾಗ ಕೇಳು, ತಂದ್ಕೊಡ್ತೀನಿ. ನಂಬರ್ ಹೇಳು."

ಸೊಣ್ಣಮ್ಮ ಡಬ್ಬವನ್ನು ತನ್ನ ಕಡೆ ಎಳೆದುಕೊಂಡಳು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ಕಾಲು ಅವಳದು. ಇನ್ನು ಒಂದು ಮೊಳ ಹೂವಿಗೂ ಮಗನ ಮುಂದೆ ಕೈಚಾಚಬೇಕೇ?

"ನಂಬರ್ ಹೇಳಲ್ಲ ಕಣೋ. ಸ್ವಲ್ಪ ದಿನ ತಡಿ," ಅಂದವಳೇ ಸ್ತ್ರೀಶಕ್ತಿ ಸಂಘದ ವಾಣಿಶ್ರೀ ಹತ್ತಿರ ಹೋದಳು.

ವಾಣಿಶ್ರೀ ನಕ್ಕಳು. "ಅಷ್ಟೇ ತಾನೇ ಅತ್ತೆ? ನಾವು ಕೊಟ್ಟ ಫೋಟೋನೇ ಕಾರ್ಡಿನ ಮೇಲೆ ಹಾಕ್ಕೊಡ್ತಾರೆ ನಮ್ ಬ್ಯಾಂಕಲ್ಲಿ."

"ಸುಮ್ನಿರೇ. ನನ್ ಮುಖ ನೋಡಿದ್ರೆ ಮಿಷನ್ನು ಹೆದರ್ಕೊಳುತ್ತೆ."

"ಮುಖಾನೇ ಬೇಕಂತಿಲ್ಲ. ನಿಮ್ಗೆ ಸೇರಿದ ಯಾವ್ ಚಿತ್ರ ಆದ್ರೂ ಆಗುತ್ತೆ."

"ಹಂಗಾದ್ರೆ ಮುನೇಶ್ವರಸ್ವಾಮಿನ ಹಾಕ್ಸು."

"ದೇವರ ಫೋಟೋ, ಸಿನಿಮಾದವರ ಫೋಟೋ ಇವರು ತಗೊಳಲ್ಲ ಅತ್ತೆ."

ಸೊಣ್ಣಮ್ಮ ಅವಳನ್ನು ಮಗ್ಗದ ಹತ್ತಿರ ಕರೆತಂದಳು. ಮಗ್ಗದಲ್ಲಿ ಕೆಂಪು ಸೆರಗು ಮುಗಿಯುತ್ತಾ ಬಂದಿತ್ತು. ಸೆರಗಿನ ತುಂಬ ಸಾಲು ಹಂಸ.

"ಈ ಹಂಸ ನಮ್ಮವರು ಬರೆದಿದ್ದು. ಅವರು ಹೋಗಿ ಆರು ವರ್ಷ ಆಯ್ತು. ಸಂಜೆಗೆ ಈ ಸೀರೆನೂ ಮಾರಾಟಕ್ಕೆ ಹೋಗುತ್ತೆ. ಎಷ್ಟು ನೇಯ್ದೆ, ಒಂದೂ ನನ್ ಹತ್ರ ಉಳೀಲಿಲ್ಲ. ಇದ್ರ ಫೋಟೋ ಹಿಡಿ."

ವಾಣಿಶ್ರೀ ಫೋನಲ್ಲಿ ಹಿಡಿದಳು. ಇಬ್ಬರೂ ಬ್ಯಾಂಕಿಗೆ ಹೋಗಿ ಶುಲ್ಕ ಕೇಳಿ, ಕಟ್ಟಿ, ಅರ್ಜಿ ಕೊಟ್ಟು ಬಂದರು.

ಹದಿನೈದು ದಿನಕ್ಕೆ ಅಂಚೆಯಲ್ಲಿ ಕಾರ್ಡು ಬಂತು. ಸೊಣ್ಣಮ್ಮ ಲಕೋಟೆ ಬಿಚ್ಚಿದಳು. ಬಿಚ್ಚಿದವಳು ಹಾಗೇ ಕೂತುಬಿಟ್ಟಳು. ಮಗ್ಗದ ಮೇಲೆ ತೂಗುವ, ಚಿತ್ರಕ್ಕೆ ತಕ್ಕಂತೆ ತೂತು ಹೊಡೆದ ರಟ್ಟುಗಳಿಂದ ಹಂಸ ಬಟ್ಟೆಗೆ ಇಳಿಯುವುದನ್ನು ಅವಳು ಸಾವಿರ ಸಲ ನೋಡಿದ್ದಳು. ಬಟ್ಟೆಯ ಹಂಸ ಇಷ್ಟಗಲದ ಕಾರ್ಡು ಹತ್ತಿ ಕೂತದ್ದನ್ನು ನೋಡಿದ್ದು ಇದೇ ಮೊದಲು. ಕೊಕ್ಕು, ರೆಕ್ಕೆ, ಒಂದು ಎಳೆಯೂ ತಪ್ಪಿಲ್ಲ. ಬೆರಳಾಡಿಸಿದಳು. ನುಣ್ಣಗಿತ್ತು.

"ಅಕ್ಕಾ, ಸೀರೆ ಇಷ್ಟು ಚಿಕ್ಕದಾದ್ರೆ ಉಟ್ಕೊಳೋದು ಹೆಂಗೆ?" ಅಂತ ಮಾರಕ್ಕ ಛೇಡಿಸಿದಳು. ಅವಳ ಕಣ್ಣೂ ಕಾರ್ಡಿನ ಮೇಲೇ ಇತ್ತು.

ಮನೋಹರ ಮೂರೂ ಕಾರ್ಡು ಡಬ್ಬಕ್ಕೆ ಹಾಕಿ ಕುಲುಕಿದ. "ನಿಂದು ತೆಗಿ ನೋಡಣ."

ಸೊಣ್ಣಮ್ಮ ಒಂದೇ ಸಲಕ್ಕೆ ತೆಗೆದಳು. ಮಗ ಅದನ್ನು ಈಸಿಕೊಂಡು ತುಂಬ ಹೊತ್ತು ನೋಡಿದ.

"ಅಪ್ಪನ ಹಂಸ ಅಲ್ವಾ ಇದು..." ಅಂದು ಅಮ್ಮನ ಕೈಗೇ ಇಟ್ಟ. "ನಿನ್ ಹತ್ರಾನೇ ಇರ್ಲಿ."

ಕಾರ್ಡು ನೋಡಲು ಬಂದಿದ್ದ ವಾಣಿಶ್ರೀ ಎಚ್ಚರಿಸಿದಳು: "ಚಿತ್ರ ಗುರುತಿಗೆ ಮಾತ್ರ ಅತ್ತೆ. ಬೀಗ ಅಂದ್ರೆ ನಂಬರೇ. ಅದನ್ನ ಎಲ್ಲೂ ಬರೀಬೇಡಿ, ಯಾರಿಗೂ ಹೇಳ್ಬೇಡಿ."

"ನನಗೂನಾ?" ಅಂದ ಮನೋಹರ.

"ನಿನಗೂನು!" ಅಂದರು ಮೂವರು ಹೆಂಗಸರೂ ಒಟ್ಟಿಗೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದೇ ಬಣ್ಣದ ಕಾರ್ಡುಗಳು ಕಲೆತುಹೋಗುತ್ತಿವೆಯೇ? ಚಿತ್ರದ ಕಾರ್ಡು ಎಲ್ಲ ಬ್ಯಾಂಕಿನಲ್ಲೂ ಸಿಗುವುದಿಲ್ಲ. ನಿಮ್ಮ ಬ್ಯಾಂಕಿಗೇ ಹೋಗಿ ಕೇಳಿ, ಶುಲ್ಕ ಎಷ್ಟೆಂದು ಮೊದಲೇ ತಿಳಿಯಿರಿ. ಫೋನು ಮಾಡಿ ಕೇಳುವ ಗುರುತಿಲ್ಲದವರಿಗೆ ಫೋಟೋನೂ ಕೊಡಬೇಡಿ, ನಂಬರೂ ಕೊಡಬೇಡಿ. ಕಾರ್ಡು ಕಳೆದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ. ನಿಮ್ಮ ಕೈಯಾರೆ ಆದದ್ದು, ಕಣ್ಣು ಮುಚ್ಚಿಕೊಂಡರೂ ನಿಮಗೆ ಕಾಣುವಂಥದ್ದು ಏನೋ ಒಂದು ಇದ್ದೇ ಇರುತ್ತದೆ. ಅದನ್ನೇ ಹಾಕಿಸಿ. ನಿಮ್ಮ ದುಡಿಮೆಯ ಕಾರ್ಡು ನಿಮ್ಮ ಕೈಯಲ್ಲೇ ಇರಲಿ.