ಸೆರಗಿನ ಮರೆಯ ಗಾಯ

ಬ್ಯಾಡಗಿಯ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತ ಹೆಂಗಸರಿಗೆ ಮಾತಿನ ಬರವೇ? ಯಾರ ಸೊಸೆ ಬಸುರಿ ಎಂಬ ಸುದ್ದಿ ಬಂದಾಗಲೆಲ್ಲ ಇನ್ನೂ ಮಕ್ಕಳಾಗದ ಶ್ರೀದೇವಿಯ ಕೈ ನಿಧಾನವಾಗುತ್ತಿತ್ತು. ನೆರೆಮನೆಯ ಕೂಸನ್ನು ಎತ್ತಿಕೊಂಡರೆ ಇಳಿಸಲು ಮನಸ್ಸಾಗದು. ಅದರ ನೆತ್ತಿಯೆಣ್ಣೆ ವಾಸನೆ ಹತ್ತಿದ ಸೀರೆಯನ್ನು ಒಗೆಯಲೂ ಮನಸ್ಸಾಗದು.

ಅವಳ ಹೃದಯದಲ್ಲಿ ಹುಟ್ಟುವಾಗಲೇ ರಂಧ್ರವಿತ್ತು. ಚಿಕ್ಕಂದಿನಲ್ಲೇ ಆಪರೇಶನ್ ಆಗಿ, ಎದೆಯ ಮೇಲಿನ ಗಾಯದ ಗುರುತು ಸೆರಗಿನ ಮರೆಯಲ್ಲಿತ್ತು. "ಕನ್ಯಾ ನೋಡಾಕ ಬಂದವರ ಮುಂದ ಬಾಯಿ ಬಿಡಬ್ಯಾಡ" ಎಂದು ಮೇಡ್ಲೇರಿಯ ತವರಿನವರು ತಾಕೀತು ಮಾಡಿದ್ದರು. ಮದುವೆಯಾದ ಮೇಲೆ ಗಂಡ ಶಶಿಕಾಂತನಿಗೆ ತಿಳಿಯಿತು. ಅತ್ತೆ ಕರೆವ್ವನಿಗೆ ಇಬ್ಬರೂ ಹೇಳಲಿಲ್ಲ. ಮಕ್ಕಳಾಗಲೆಂದು ತೋರಿಸಲು ಹೋದಾಗ ಹೆಂಗಸರ ಡಾಕ್ಟರು "ಮೊದಲು ಆಪರೇಶನ್ ಆಗಿದೆಯೇ?" ಎಂದು ಕೇಳಿದಾಗಲೂ ಪಕ್ಕದಲ್ಲಿ ಅತ್ತೆ ಕುಳಿತಿದ್ದರಿಂದ ಶ್ರೀದೇವಿ ಇಲ್ಲವೆಂದು ತಲೆಯಾಡಿಸಿದ್ದಳು.

ಒಂದು ದಿನ ಮೆಣಸಿನಕಾಯಿ ಚೀಲ ಎಳೆಯುವಾಗ ಅವಳಿಗೆ ಏದುಸಿರು ಬಂತು. ಆಶಾ ಕಾರ್ಯಕರ್ತೆ ಮಹಮೂದಾಬೇಗಂ ಅಲ್ಲೇ ಇದ್ದರು.

ಕರೆವ್ವ ನಕ್ಕಳು. "ಈಗಿನ ಹುಡುಗ್ಯಾರು ಚೀಲ ಎಳದ್ರ ದಣೀತಾರ, ಕೂಸು ಹ್ಯಾಂಗ ಹಡೀತಾರ?"

ಶ್ರೀದೇವಿಗೆ ತಡೆಯಲಾಗಲಿಲ್ಲ. "ಅತ್ತಿ, ಸಣ್ಣಾಕಿದ್ದಾಗ ನನ್ನ ಹೃದಯದ ಆಪರೇಶನ್ ಆಗೇತ್ರಿ."

ಕರೆವ್ವನ ಕೈ ನಿಂತಿತು. "ಹಂಗಾದ್ರ ಮೊಮ್ಮಕ್ಕಳ ಭಾಗ್ಯ ನನಗಿಲ್ಲೇನವ್ವಾ?"

"ಯಾರ ಹೇಳಿದ್ರು ಕರೆವ್ವಕ್ಕಾ?" ಎಂದರು ಮಹಮೂದಾಬೇಗಂ. "ಇಂಥಾ ಭಾಳ ಹೆಣ್ಮಕ್ಕಳು ಆರಾಮಾಗಿ ಹಡದಾರ. ಕೆಲವರಿಗೆ ಮಾತ್ರ ಬಸುರು ಜೀವಕ್ಕ ಅಪಾಯ. ಈಕಿದು ಹ್ಯಾಂಗ ಅಂತ ಹೃದಯದ ಡಾಕ್ಟರು, ಹೆಂಗಸರ ಡಾಕ್ಟರು ಕೂಡಿ ಹೇಳಬೇಕು. ಅದೂ ಬಸುರಾಗೂಕಿಂತ ಮೊದಲ. ಉಸಿರು ಹತ್ತಾಕತ್ತೇತಿ, ಲಗೂ ತೋರಸ್ರಿ."

"ರಿಪೇರಿ ಆಗಿ ಹೋಗೇತಲ್ಲ?" ಎಂದಳು ಕರೆವ್ವ.

"ರಿಪೇರಿ ಮಾಡಿಸಿದ ಪಂಪಸೆಟ್ಟನೂ ಬಿತ್ತೂಕಿಂತ ಮೊದಲ ಒಮ್ಮೆ ನೋಡಸ್ತೀರಿಲ್ಲೋ?"

"ಅಲ್ಲೀತನಕ?" ಶ್ರೀದೇವಿ ಮೆಲ್ಲಗೆ ಕೇಳಿದಳು.

"ಅಲ್ಲೀತನಕ ತಡಿ ತಂಗಿ. ಆದ್ರ ಬಸುರು ತಡಿಯೂ ಗುಳಿಗಿ ಅಂಗಡ್ಯಾಗ ಕೇಳಿ ನುಂಗಬ್ಯಾಡ. ಕೆಲವು ಗುಳಿಗಿಯಿಂದ ರಕ್ತ ಹೆಪ್ಪುಗಟ್ಟೂ ಭಯ ಐತಿ. ನಿನಗ ಯಾವುದು ಆಗಿಬರತೈತಿ ಅಂತ ಡಾಕ್ಟರನ್ನ ಕೇಳು."

ಕರೆವ್ವ ಸೊಸೆಯತ್ತ ತಿರುಗಿದಳು. "ಅವತ್ತ ನಾ ಕುಂತೀನಂತ ಡಾಕ್ಟರಿಗೆ ಸುಳ್ಳ ಹೇಳಿದೇನ? ನಾ ಏನ್ ಹುಲೀನ?"

"ಹುಲಿ ಆಗಿದ್ರ ಹೇಳತಿದ್ನಿರಿ. ಅತ್ತಿ ಅದೀರಲ್ಲ!"

ಹಾವೇರಿಯ ಆಸ್ಪತ್ರೆಯಲ್ಲಿ ಕರೆವ್ವ ತಾನಾಗಿಯೇ ಹೊರಗಿನ ಬೆಂಚಿನ ಮೇಲೆ ಕುಳಿತಳು. ಶ್ರೀದೇವಿ ಒಳಗೆ ಎಲ್ಲವನ್ನೂ ಹೇಳಿದಳು. ಅಲ್ಲಿಂದ ಹೃದಯದ ಡಾಕ್ಟರ ಬಳಿಗೆ ಕಳಿಸಿದರು. ಅವರು ಪರೀಕ್ಷೆ ಮಾಡಿ, ಹೃದಯಕ್ಕೆ ಗುಳಿಗೆ ಬರೆದುಕೊಟ್ಟು, "ಸದ್ಯ ಬಸುರು ಬೇಡ. ಇನ್ನೊಮ್ಮೆ ನೋಡಿ ಹೇಳುತ್ತೇವೆ" ಎಂದರು.

ಮರಳುವ ಬಸ್ಸಿನಲ್ಲಿ ಶ್ರೀದೇವಿ ಕಿಟಕಿಯತ್ತ ಮುಖ ತಿರುಗಿಸಿ ಕುಳಿತಳು. ಕರೆವ್ವ ಅವಳ ಕೈಹಿಡಿದಳು.

"ಕೂಸು ತಡದು ಬಂದ್ರೂ ನಡೀತೈತಿ, ಬರದಿದ್ರೂ ನಡೀತೈತಿ. ನೀ ಇಲ್ದಿದ್ರ ನಡಿಯೂದಿಲ್ಲವ್ವಾ."

ಅಕ್ಕ ತಂಗಿಯರೇ, ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ ಅದನ್ನು ಯಾವ ಡಾಕ್ಟರಿಂದಲೂ ಮುಚ್ಚಿಡಬೇಡಿ. ಬಸುರಾಗುವ ಮೊದಲೇ ಹೋಗಿ ಕೇಳಿ. ಅತ್ತೆಯರೇ, ಸೊಸೆಗೆ ಡಾಕ್ಟರೊಡನೆ ಒಬ್ಬಳೇ ಮಾತಾಡಲು ಬಿಟ್ಟು, ಬಾಗಿಲಾಚೆ ಅವಳಿಗಾಗಿ ಕಾದಿರಿ.