ಇಬ್ಬರು ಕೂರುವ ದೋಣಿ

ನೆರಳು ಜರುಗಿ ಅತ್ತೆಯ ಪಾದ ಬಿಸಿಲಿಗೆ ಬಿತ್ತು, ಛತ್ರಿ ಸ್ವಲ್ಪ ವಾಲಿಸಬೇಕು, ಅವರಂತೂ ಕಾಲು ಎಳೆದುಕೊಳ್ಳುವುದಿಲ್ಲ, ಮರಳು ಬೆಚ್ಚಗಿದೆ ಬಿಡಮ್ಮ, ಮೂಳೆಗೆ ಒಳ್ಳೇದು ಅನ್ನುತ್ತಾರೆ — ಅವರಿಗೆ ಇಷ್ಟೇ ಸಾಕು, ನಾನು ಬೆಳಗ್ಗೆಯಿಂದ ರೆಸಾರ್ಟಿನ ಆಟದ ಮೇಷ್ಟರ ಬೆನ್ನು ಬಿದ್ದು ಹಿರಿಯರಿಗೇನಿದೆ, ಮಕ್ಕಳಿಗೇನಿದೆ ಎಂದು ಪೀಡಿಸಿದ್ದೇ ಬಂತು, ಈಜುಕೊಳದಲ್ಲಿ ಚೆಂಡು ಹಿಡಿದು ಮಾಡುವ ವ್ಯಾಯಾಮ ಇದೆಯಂತೆ ಅತ್ತೆ ಅಂದರೆ, ಈ ವಯಸ್ಸಲ್ಲಿ ಚೆಂಡು ಹಿಡ್ಕೊಂಡು ಕುಣೀಲಾ, ನಿಮ್ಮ ಕುಣಿತ ನೋಡೋದೇ ನನಗೆ ಆಟ ಎಂದುಬಿಟ್ಟರು. ಚಿಕ್ಕವನಿಗೆ ಒಂದು ಬಕೆಟ್ಟು ಸಾಕಾಯಿತು, ಕೋಟೆ ಕಟ್ಟಲು ಹೋದವನು ತನ್ನ ಕಾಲನ್ನೇ ಹೂತುಕೊಂಡು ಅಮ್ಮಾ ನಂಗೆ ಕಾಲೇ ಇಲ್ಲ ಅನ್ನುತ್ತಿದ್ದಾನೆ, ಇಲ್ಲ ಕಂದ, ಇಲ್ಲವೇ ಇಲ್ಲ — ನನ್ನ ಕಣ್ಣು ಮಾತ್ರ ನೀರಿನ ಕಡೆಗೆ, ಆ ಹಳದಿ ದೋಣಿಯ ಕಡೆಗೆ, ಅಪ್ಪ ಮುಂದೆ, ಮಗಳು ಹಿಂದೆ, ಕೈಯಲ್ಲಿ ಎರಡೂ ತುದಿಗೆ ಅಲಗಿರುವ ಒಂದೊಂದು ಹುಟ್ಟು, ಇಬ್ಬರ ಬಾಯಿಗೂ ಬೀಗ.

ಕೂರಿಸಿದವಳು ನಾನೇ, ಎಲ್ಲರಿಗೂ ಆಟ ಹುಡುಕಿದ್ದು ಬರೀ ನೆಪ, ಮನೆಯಲ್ಲಿ ಈಗ ಒಬ್ಬರ ಮಾತು ಇನ್ನೊಬ್ಬರಿಗೆ ನನ್ನ ಮೂಲಕವೇ, ನಿನ್ ಗಂಡಂಗೆ ಹೇಳು, ನಿನ್ ಮಗಳಿಗೆ ಹೇಳು, ನಾನೇನು ಅಂಚೆ ಪೇದೆಯೇ — ಆಗಿದ್ದಿಷ್ಟು, ಇವರು ಓಡಿಸುವ ಬಸ್ಸಿನಲ್ಲೇ ಅವಳು ಕಾಲೇಜಿಗೆ ಹೋಗುತ್ತಿದ್ದಳು, ಗೆಳತಿಯರ ಜೊತೆ ನಕ್ಕಿದ್ದು, ಪಕ್ಕದಲ್ಲಿ ಯಾರೋ ಕೂತಿದ್ದು, ಎಲ್ಲವನ್ನೂ ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದರು, ಒಂದು ದಿನ ಅವಳು ತಟ್ಟೆ ಸರಿಸಿ, ಇನ್ಮೇಲೆ ನಿಮ್ಮ ಬಸ್ಸು ಹತ್ತಲ್ಲಪ್ಪ ಅಂದಳು, ಹತ್ತಲೂ ಇಲ್ಲ, ಮುಂದಿನ ಬಸ್ಸಿಗೆ ಕಾಯುತ್ತಾಳೆ, ಇವರು ಆ ಸ್ಟಾಪಿನಲ್ಲಿ ಯಾರೂ ಹತ್ತದಿದ್ದರೂ ಬಾಗಿಲು ತೆರೆದು ನಿಲ್ಲಿಸಿಕೊಂಡಿರುತ್ತಾರಂತೆ, ರೈಟ್ ರೈಟ್ ಎಂದು ಕೂಗಿ ಕೂಗಿ ಸೋತೆ ಅಕ್ಕಾ ಎಂದು ಕಂಡಕ್ಟರೇ ಬಂದು ಹೇಳಿದ, ಅವಳಿಗೆ ನಾನು ಹೇಳಿಲ್ಲ, ಹೇಳಿದರೆ ಮರುಕಕ್ಕೆ ಹತ್ತುತ್ತಾಳೆ, ಅದು ಬೇಡ — ಅಯ್ಯೋ ಸುತ್ತುತ್ತಿದೆ ದೋಣಿ, ಗಾಣದೆತ್ತಿನ ಹಾಗೆ, ಮುಂದಿನವರು ಬರೀ ಎಳೆಯಬೇಕು, ತಿರುಗಿಸುವುದು ಹಿಂದೆ ಕೂತವರು ಎಂದು ಮೇಷ್ಟರು ಬಡಕೊಂಡರೂ ಇವರು ಕೇಳಿದರೆ ತಾನೆ, ನಾನು ಡ್ರೈವರ್ರು ಕಣ್ರೀ, ನನಗೇ ಹೇಳ್ಕೊಡ್ತೀರಾ ಎಂದು ಮುಂದೆ ಹೋಗಿ ಕೂತರು, ಈಗ ಇವರು ಎಡಕ್ಕೆಂದರೆ ಅವಳು ಬಲಕ್ಕೆ, ಹುಟ್ಟಿಗೆ ಹುಟ್ಟು ತಾಗಿ ಟಕ್ ಎನ್ನುತ್ತದೆ, ಅತ್ತೆ ನಗುತ್ತಾರೆ, ನಿನ್ನ ಗಂಡ ತೊಟ್ಟಿಲನ್ನೂ ತಾನೇ ತೂಗಿಕೊಳ್ತಿದ್ದ ಕಣೆ, ನನಗೆ ನಗು ಬಾರದು, ಇಲ್ಲೂ ಆಗದಿದ್ದರೆ ಇನ್ನೆಲ್ಲಿ — ಇವರು ಕತ್ತು ಹೊರಳಿಸುತ್ತಾರೆ, ತೇಲುವ ಜಾಕೆಟ್ಟು ದಪ್ಪ, ಅರ್ಧಕ್ಕೇ ನಿಲ್ಲುತ್ತದೆ, ಹಿಂದೆ ಮಗಳು ಏನು ಮಾಡುತ್ತಿದ್ದಾಳೋ ಕಾಣುವುದಿಲ್ಲ, ನನಗೆ ಕಾಣುತ್ತಿದೆ, ಅವಳು ಆ ಬೆನ್ನನ್ನೇ ನೋಡುತ್ತಿದ್ದಾಳೆ, ಬಾಯಿ ತೆರೆದಳು, ಗಾಳಿ ಅರ್ಧ ತಿಂದು ಅರ್ಧ ತಂದಿತು, ಅಪ್ಪ, ಸ್ವಲ್ಪ ಬಿಡಿ, ನಾನು ತಿರುಗಿಸ್ತೀನಿ — ಬಿಡುವ ಆಸಾಮಿಯೇ ಇದು, ನಮ್ಮ ಮದುವೆಯ ಕಾರನ್ನೂ ತಾವೇ ಓಡಿಸಿದವರು, ಅಲೆ ಬಂತು, ದೋಣಿ ಎದ್ದಿತು, ಇಳಿಯಿತು, ಇವರ ಹುಟ್ಟು ಮೇಲೆ ಬಂತು, ಮತ್ತೆ ನೀರಿಗೆ ಇಳಿಯುತ್ತದೆ ಅಂದುಕೊಂಡೆ, ಇಳಿಯಲಿಲ್ಲ, ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು, ದೋಣಿಯ ಮೂತಿ ತಿರುಗುತ್ತಿದೆ, ಮೆಲ್ಲಗೆ, ಅವಳು ತಿರುಗಿಸುತ್ತಿದ್ದಾಳೆ, ಅಮ್ಮಾ ಎನ್ನುತ್ತಿದ್ದಾನೆ ಚಿಕ್ಕವನು, ಬಂದೆ, ಇರು ಕಂದ — ಮೊಣಕಾಲ ಮೇಲೆ ಅಡ್ಡ ಮಲಗಿದ ಹುಟ್ಟು, ಎರಡೂ ತುದಿಯಿಂದ ನೀರು ತೊಟ್ಟಿಕ್ಕುವ ಹುಟ್ಟು, ಅಡ್ಡ ಮಲಗಿದ ಹುಟ್ಟು