ಎಮಿಲ್ ಕೋಟಿಕ್ ಹಾಕಿದ ಮತ

ಎಮಿಲ್ ಕೋಟಿಕ್ ನೆಬ್ರಾಸ್ಕಾದಲ್ಲಿ ದನಗಳ ಡಾಕ್ಟರಾಗಿದ್ದವರು. ವಾಷಿಂಗ್ಟನ್ನಿನ ಸಂಸತ್ತಿಗೆ ಆರಿಸಿ ಬಂದದ್ದು ಒಂದೇ ಮಾತಿನ ಬಲದ ಮೇಲೆ: ಸರ್ಕಾರದ ಸಾಲದ ಮಿತಿ ಏರಿಸಲು ತಮ್ಮ ಮತ ಎಂದೆಂದಿಗೂ ಇಲ್ಲ. ಒಂಬತ್ತು ವರ್ಷ ಅವರ ಕಚೇರಿ ನೋಡಿಕೊಂಡ ನಾನು ಆ ಮಾತನ್ನು ಸಾವಿರಾರು ಪತ್ರಗಳಲ್ಲಿ ಟೈಪು ಮಾಡಿದ್ದೆ.

ಆ ವರ್ಷ ಬೊಕ್ಕಸ ಬರಿದಾಗುವ ದಿನ ಗೊತ್ತಾಯಿತು, ಗುರುವಾರ. ಅಷ್ಟರೊಳಗೆ ಮಿತಿ ಏರದಿದ್ದರೆ ಪಿಂಚಣಿಯೂ ಇಲ್ಲ, ಸೈನಿಕರ ಸಂಬಳವೂ ಇಲ್ಲ. ಮೊದಲು ಖರ್ಚು ಕಡಿಮೆ ಮಾಡಿ ಎಂದು ನಮ್ಮ ಪಕ್ಷ ಪಟ್ಟು ಹಿಡಿದಿತ್ತು. ಷರತ್ತಿಲ್ಲದೆ ಏರಿಸಿ ಎಂದು ಎದುರಿನವರು. ಯಾರು ಮೊದಲು ಹೆದರುತ್ತಾರೆಂದು ಇಬ್ಬರೂ ಕಾಯುತ್ತಿದ್ದರು. ಊರಿನಿಂದ ಬರುತ್ತಿದ್ದ ಕರೆಗಳೆಲ್ಲ ಬಗ್ಗಬೇಡಿ ಎಂದೇ ಹೇಳುತ್ತಿದ್ದವು.

ಮಂಗಳವಾರ ಬೆಳಿಗ್ಗೆ ಒಂದು ಕರೆಯನ್ನು ಎಮಿಲ್ ತಾವೇ ಸ್ಪೀಕರ್ ಫೋನಿನಲ್ಲಿ ತೆಗೆದುಕೊಂಡರು. ಯುದ್ಧದಲ್ಲಿ ಕಾಲು ಕಳೆದುಕೊಂಡ ವರ್ನನ್ ಎಹ್ಲರ್ಸ್. ಐದು ನಿಮಿಷ ಅವನು ಧೈರ್ಯ ತುಂಬಿದ. ಎಮಿಲ್ ಕೇಳಿಸಿಕೊಂಡು ಕೇಳಿದರು:

"ಗುರುವಾರ ನಿನ್ ಪಿಂಚಣಿ ಬರ್ಲಿಲ್ಲ ಅಂದ್ರೆ ಎಷ್ಟು ದಿನ ತಡೀತೀಯ, ವರ್ನನ್?"



"ಅಲ್ಲೀವರ್ಗೂ ಹೋಗಲ್ಲ ಅಂದಿದ್ರಲ್ಲ?"

"ಯಾರು ಅಂದಿದ್ದು?"

"ನೀವೇ, ಡಾಕ್ಟ್ರೇ. ನಮ್ಮೂರ ಸಭೇಲಿ. ಸುಮ್ನೆ ಹೆದರ್ಸೋದಷ್ಟೇ, ಅವರು ಬಗ್ಗೇ ಬಗ್ತಾರೆ ಅಂದ್ರಿ."



ಅದೇ ದಿನ ನಮ್ಮ ಪಕ್ಷದ ಮೂವರು ಎದುರಿನವರ ಜೊತೆ ಸೇರಿ ಮಿತಿ ಏರಿಸುವ ಮಸೂದೆಯನ್ನು ಮತಕ್ಕೆ ತಂದಿದ್ದರು. ಗೆಲ್ಲಲು ಇನ್ನೊಂದು ಮತ ಬೇಕಿತ್ತು. ಪಕ್ಷದ ಸಚೇತಕ ಬ್ರೆಂಟ್ ಹ್ಯಾಸ್ಕಲ್ ಮಧ್ಯಾಹ್ನ ನಮ್ಮ ಕಚೇರಿಗೆ ಬಂದ.

"ಇನ್ನೆರಡು ದಿನ ತಡೀರಿ, ಡಾಕ್ಟ್ರೇ. ಅವರ ಕಾಲು ನಡುಗ್ತಾ ಇದೆ."

"ಅವರದಲ್ಲ, ಬ್ರೆಂಟ್. ನಮ್ ಜನರದ್ದು."

ಹ್ಯಾಸ್ಕಲ್ ದನಿ ಏರಿಸಲಿಲ್ಲ. ಮುಂದಿನ ಮೇ ತಿಂಗಳಲ್ಲಿ ನಿಮ್ಮೂರಿನ ಮತದಾರರು ಪಕ್ಷದ ಅಭ್ಯರ್ಥಿಯನ್ನು ಆರಿಸುವಾಗ ಪಕ್ಷದೊಳಗಿನಿಂದಲೇ ನಿಮಗೊಬ್ಬ ಎದುರಾಳಿ ಇರುತ್ತಾನೆ, ಹುಡುಕುವುದೇನೂ ಕಷ್ಟವಿಲ್ಲ ಎಂದು ಹೇಳಿ ಬಾಗಿಲು ಮೆಲ್ಲನೆ ಎಳೆದುಕೊಂಡು ಹೋದ.

ನಾಲ್ಕು ಗಂಟೆಗೆ ಮತದಾನ. ನಾನು ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆ. ಎಮಿಲ್ ಕೊನೆಯ ನಿಮಿಷದವರೆಗೂ ಮತ ಹಾಕುವ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಗೋಡೆಯ ಮೇಲೆ ಅವರ ಹೆಸರಿನ ಪಕ್ಕ ‘ಹೌದು’ ಎನ್ನುವ ಹಸಿರು ದೀಪ ಹತ್ತಿತು. ನಮ್ಮವರ ಸಾಲಿನಿಂದ ಯಾರೋ "ಕೈಕೊಟ್ಟ" ಅಂದರು. ಮಸೂದೆ ಒಂದೇ ಮತದಿಂದ ಗೆದ್ದಿತು. ಎಮಿಲ್ ಪಕ್ಕದ ಕುರ್ಚಿಗಳು ಖಾಲಿಯಾದವು.

ಕಚೇರಿಗೆ ಬಂದವರೇ ವರ್ನನ್‌ಗೆ ಪತ್ರ ಬರೆಯಲು ಹೇಳಿದರು.

"ನಿನಗೆ ಸುಳ್ಳು ಹೇಳಿದ್ದೆ ಅಂತ ಬರಿ."

ತಪ್ಪು ಅಂದಾಜು ಮಾಡಿದ್ದೆ ಎಂದು ಬರೆಯೋಣವೇ ಎಂದೆ. ಅವರು ಅಡ್ಡಡ್ಡ ತಲೆಯಾಡಿಸಿದರು.

"ಬೇಡ. ಅಲ್ಲೀವರ್ಗೂ ಹೋಗಬಹುದು ಅಂತ ನಂಗೊತ್ತಿತ್ತು."

ಉತ್ತರ ಬರಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಪಕ್ಷದ ಅಭ್ಯರ್ಥಿಯ ಆಯ್ಕೆಯಲ್ಲೇ ಎಮಿಲ್ ಸೋತರು. ಅವರಿಗೆ ಬಿದ್ದ ಒಂದೊಂದು ಮತಕ್ಕೂ ಎದುರಾಳಿಗೆ ಎರಡೆರಡು. ಫಲಿತಾಂಶದ ರಾತ್ರಿ ನಮ್ಮ ಬಾಡಿಗೆ ಸಭಾಂಗಣದಲ್ಲಿ ಇಪ್ಪತ್ತು ಜನ ಇದ್ದರು. ಪ್ರತಿಯೊಬ್ಬರ ಕೈಕುಲುಕಿ ಬೀಳ್ಕೊಟ್ಟ ಮೇಲೆ ಎಮಿಲ್ ಕೋಟು ಬಿಚ್ಚಿಟ್ಟು, ಕಾವಲುಗಾರನ ಜೊತೆ ಕುರ್ಚಿಗಳನ್ನು ಮಡಚತೊಡಗಿದರು.